ಗಜಗೌರಿ ಗಾಡಿಯಲ್ಲಿ ನಾಲಿಗೆ ಚಾಚಿದ ಹುಡುಗ

ಅಂತರಸನಹಳ್ಳಿಯ ಕುಕ್ಕರ್ ಗ್ಯಾಸ್ಕೆಟ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಸದಾಶಿವಯ್ಯ ಸ್ವಭಾವತಃ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಮ್ಯಾನೇಜರು ಹೊಸ ಕಾರು ತಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ಅವನೇ. ಪಕ್ಕದ ಮನೆಯ ಅಕ್ರಂ ಪಾಷಾ ಮಹಡಿ ಎತ್ತಿಸುವಾಗ ಮರಳು ಸುರಿಯಲು ತನ್ನ ಗೇಟಿನ ಮುಂದೆ ಜಾಗ ಬಿಟ್ಟುಕೊಟ್ಟವನೂ ಅವನೇ. ತುಮಕೂರಿನ ಸಮಸ್ತರ ಏಳಿಗೆಯನ್ನೂ ಇಷ್ಟು ಸಲೀಸಾಗಿ ಸಹಿಸಿಕೊಂಡಿದ್ದ ಅವನಿಗೆ ಒಬ್ಬನ ಏಳಿಗೆ ಮಾತ್ರ ಗಂಟಲಲ್ಲಿ ಸಿಕ್ಕ ಒಣ ಅವಲಕ್ಕಿಯ ಹಾಗೆ ಒಳಗೂ ಇಳಿಯುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ.

ಆ ಒಬ್ಬ ಅಂದರೆ ಮಲ್ಲಿಕಾರ್ಜುನ್. ಸದಾಶಿವಯ್ಯನ ಹೆಂಡತಿ ಕರಿಬಸಮ್ಮನ ತಂಗಿ ನಂದಿತಾಳ ಗಂಡ, ಸಂಬಂಧದಲ್ಲಿ ಷಡ್ಡಕ. ಕುಣಿಗಲ್‌ನಲ್ಲಿ ಹೆದ್ದಾರಿ ಪಕ್ಕ ಟೈರ್ ಅಂಗಡಿ ಇಟ್ಟಿದ್ದ. ಗುಬ್ಬಿಯಲ್ಲಿದ್ದ ಮಾವನ ಮನೆಗೆ ಇಬ್ಬರು ಅಳಿಯಂದಿರೂ ಒಟ್ಟಿಗೆ ಹೋದರೆ ಹೋಳಿಗೆ ಮೊದಲು ಬೀಳುತ್ತಿದ್ದದ್ದು ಹಿರಿಯ ಅಳಿಯನ ಎಲೆಗೇ; ಅದರಲ್ಲಿ ಅನ್ಯಾಯವಿರಲಿಲ್ಲ. ಆದರೆ ತುಪ್ಪದ ಮಿಳ್ಳೆ ಹೆಚ್ಚು ಹೊತ್ತು ಬಗ್ಗಿರುತ್ತಿದ್ದದ್ದು ಕಿರಿಯ ಅಳಿಯನ ಎಲೆಯ ಮೇಲೆ. ಸದಾಶಿವಯ್ಯ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ನೋಡುವುದನ್ನು ಬಿಟ್ಟವನೂ ಅಲ್ಲ.

ತುಪ್ಪದ ಸಂಕಟವೇ ಸಾಕಷ್ಟಿತ್ತು. ಅದರ ಮೇಲೆ ಮಲ್ಲಿಕಾರ್ಜುನನಿಗೆ ರೈಲಿನ ಹುಚ್ಚು ಹತ್ತಿತು. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಮೊಬೈಲಿನಿಂದ ಅಂಟಿದ ಹುಚ್ಚು. ಹಳೇ ಟೀವಿ ಸೀರಿಯಲ್‌ಗಳಲ್ಲಿ ಓಡಿದ ಇಂಜಿನ್‌ಗಳನ್ನು ಗೇಣುದ್ದಕ್ಕೆ ಇಳಿಸಿ, ಒಂದು ಮೊಳೆಯೂ ತಪ್ಪದಂತೆ ಮಾಡಿದ ಮಾದರಿಗಳು ಸಿಗುತ್ತವಂತೆ. ಅವನ್ನು ಎಲ್ಲೆಲ್ಲಿಂದಲೋ ತರಿಸಿ ಕೂಡಿಡತೊಡಗಿದ. ಮನೆಯ ಮುಂದಿನ ರೂಮನ್ನೇ ಅದಕ್ಕೆ ಬಿಟ್ಟುಕೊಟ್ಟ. ಸುತ್ತಲೂ ಹಲಗೆ, ಹಲಗೆಯ ಮೇಲೆ ಹಳಿ, ಹಳಿಯ ಪಕ್ಕ ಅಂಗೈಯಗಲದ ಸ್ಟೇಷನ್, ಸ್ಟೇಷನ್ನಿನಲ್ಲಿ ಕಡಲೆಕಾಯಿ ಗಾತ್ರದ ಪ್ರಯಾಣಿಕರು. ಗುಂಡಿ ಒತ್ತಿದರೆ ಇಂಜಿನ್ನು ಕೂಗಿಕೊಂಡು, ಹೊಗೆಬಿಟ್ಟುಕೊಂಡು ರೂಮು ಸುತ್ತುತ್ತಿತ್ತು.

ಸದಾಶಿವಯ್ಯ ಮೊದಲ ಸಲ ಅದನ್ನು ನೋಡಿದ್ದು ಒಂದು ಭಾನುವಾರ, ನೆಂಟರೆಲ್ಲ ಕುಣಿಗಲ್ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ. ಮಾವ ಚನ್ನವೀರಯ್ಯನವರೂ ಗುಬ್ಬಿಯಿಂದ ಬಂದಿದ್ದರು. ಚನ್ನವೀರಯ್ಯನವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಯಾವುದನ್ನೂ ಮೆಚ್ಚಿದ ದಾಖಲೆ ಇರಲಿಲ್ಲ. ಅಂಥವರು ರೂಮಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, ಇಂಜಿನ್ನು ಹೋದ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದರು.

"ಈ ಹಸಿರುದು ಇಂಗ್ಲೆಂಡ್ ಸೀರಿಯಲ್‌ದು ಮಾವ. ವಾರಕ್ಕೊಂದು ಕಳ್ತನ ಆಗ್ತಿತ್ತು ಈ ಗಾಡಿಲಿ," ಎಂದು ಮಲ್ಲಿಕಾರ್ಜುನ ವಿವರಿಸುತ್ತಿದ್ದ. "ಇದು ಅಮೆರಿಕದ್ದು. ಕೌಬಾಯ್‌ಗಳು ಕುದುರೆ ಮೇಲೆ ಅಟ್ಟಿಸ್ಕೊಂಡು ಬರ್ತಾರಲ್ಲ, ಅದು."

"ಭೇಷ್," ಎಂದರು ಚನ್ನವೀರಯ್ಯನವರು.

ಸದಾಶಿವಯ್ಯನ ಕರುಳಿಗೆ ಯಾರೋ ಸೀಗೆಕಾಯಿ ಹಾಕಿ ಉಜ್ಜಿದಂತಾಯಿತು. ಮದುವೆಯಾದಾಗಿನಿಂದ ಅವನು ಆ ಬಾಯಿಂದ ಒಂದು 'ಪರವಾಗಿಲ್ಲ'ವನ್ನಾದರೂ ಹೊರಡಿಸಲು ಪ್ರಯತ್ನಿಸಿ ಸೋತಿದ್ದ.

"ನಿಮ್ಮೂರಿಗೆ ನಿಜವಾದ ರೈಲು ಬಂದಿದ್ದೇ ಮೊನ್ನೆ ಮೊನ್ನೆ," ಎಂದ ಸದಾಶಿವಯ್ಯ. "ಅದಕ್ಕೇ ಆಸೆ ಜಾಸ್ತಿ. ನಾವೆಲ್ಲ ತುಮಕೂರಲ್ಲಿ ಹುಟ್ದಾಗಿಂದ ನೋಡಿದೀವಿ ಬುಡು."

ಮಲ್ಲಿಕಾರ್ಜುನ ಕೋಪಿಸಿಕೊಳ್ಳಲಿಲ್ಲ. ಅದು ಅವನ ಇನ್ನೊಂದು ಕೆಟ್ಟ ಗುಣ. ನಕ್ಕು, "ನೀವು ಹೇಳೋದು ಸರಿ ಅಣ್ಣ. ಆದ್ರೆ ನನಗೆ ಬೇಕಾಗಿರೋ ಗಾಡಿ ಇನ್ನೂ ಸಿಕ್ಕಿಲ್ಲ. ಗಜಗೌರಿ," ಎಂದ.

ಆ ಹೆಸರು ಕೇಳಿದ್ದೇ ರೂಮಿನಲ್ಲಿದ್ದ ನಡುವಯಸ್ಸಿನವರೆಲ್ಲ ಒಮ್ಮೆಗೇ "ಓ" ಎಂದರು. ಟೀವಿಯಲ್ಲಿ ಒಂದೇ ಚಾನೆಲ್ ಇದ್ದ ಕಾಲದಲ್ಲಿ 'ಕಡೇ ಪ್ಯಾಸೆಂಜರ್' ಎಂಬ ಕನ್ನಡ ಸೀರಿಯಲ್ ಬರುತ್ತಿತ್ತು. ಒಬ್ಬ ಸ್ಟೇಷನ್ ಮಾಸ್ತರರ ಕಥೆ. ಅದರಲ್ಲಿ ಓಡುವ ಕಪ್ಪು ಉಗಿಬಂಡಿಯ ಹೆಸರು ಗಜಗೌರಿ. ಶೂಟಿಂಗ್ ಆದದ್ದು ಗುಬ್ಬಿ ಸ್ಟೇಷನ್ನಿನಲ್ಲೇ. ಅದರ ಕೊನೆಯ ಕಂತನ್ನು ನೋಡಿ ಅಳದ ಹೆಂಗಸಿರಲಿಲ್ಲ. ಮಾಸ್ತರರ ಹೆಂಡತಿ ಗಂಡನನ್ನು ಬಿಟ್ಟು ರೈಲು ಹತ್ತುತ್ತಾಳೆ. ಮಾಸ್ತರರು ತಮ್ಮ ಕೈಯಾರೆ ಹಸಿರು ಬಾವುಟ ತೋರಿಸಿ ಅವಳನ್ನು ಕಳಿಸಿಕೊಡಬೇಕು. ಕಣ್ಣೀರು ಇಳಿಯುತ್ತಿದೆ, ಬಾವುಟ ನಡುಗುತ್ತಿದೆ, ಗಾಡಿ ಹೊರಟಿದೆ. ಸರಿಯಾಗಿ ಆಗ ಪಕ್ಕದ ಕಿಟಕಿಯಲ್ಲಿ ತಲೆ ಬೋಳಿಸಿದ ಒಬ್ಬ ಹುಡುಗ, ಸೀಬೆಕಾಯಿ ಕಡಿಯುತ್ತಾ, ಹೊರಗೆ ನೋಡಿ ಉದ್ದಕ್ಕೆ ನಾಲಿಗೆ ಚಾಚುತ್ತಾನೆ. ತೆಗೆದವರು ಅದನ್ನು ಗಮನಿಸಲೇ ಇಲ್ಲವೋ ಏನೋ, ಹಾಗೇ ಬಿಟ್ಟಿದ್ದರು. ಅಳುತ್ತಿದ್ದವರು ನಗಲಾರದೆ, ನಗುತ್ತಿದ್ದವರು ಅಳಲಾರದೆ ಆ ದಿನ ಊರೂರಲ್ಲಿ ಅನೇಕರಿಗೆ ಬಿಕ್ಕಳಿಕೆ ಹತ್ತಿತ್ತು.

"ಬೆಂಗಳೂರಲ್ಲಿ ನಮ್ಮದೊಂದು ಕ್ಲಬ್ಬಿದೆ," ಎಂದ ಮಲ್ಲಿಕಾರ್ಜುನ. "ಅವ್ರು ಈಗ ಗಜಗೌರಿ ಮಾಡಿಸ್ತಾ ಇದಾರೆ. ಕಿಟಕಿಲಿ ಆ ಹುಡುಗನ್ನೂ ಕೂರಿಸ್ತಾರಂತೆ, ನಾಲಿಗೆ ಸಮೇತ. ಮೊದಲ್ನೇ ಪೀಸು ನನಗೆ ಕೊಡಿ ಅಂತ ಕೈಕಾಲು ಹಿಡಿದೆ. ಇಲ್ವಂತೆ. ಆ ಹುಡುಗ ಈಗ ಎಲ್ಲಿದ್ರೂ ಹುಡುಕಿ ಅವನಿಗೇ ಕೊಡ್ತೀವಿ ಅಂತಾರೆ. ಸೀರಿಯಲ್ ಟೇಪು ಎಲ್ಲೂ ಉಳಿದಿಲ್ಲ. ಇನ್ನ ಹುಡುಗ ಎಲ್ಲಿ ಸಿಕ್ತಾನೆ?"

ಷಡ್ಡಕನ ಮುಖದಲ್ಲಿ ಆಸೆ ಎಂಬುದನ್ನು ಸದಾಶಿವಯ್ಯ ಕಂಡದ್ದು ಅದೇ ಮೊದಲು. ಈ ಮನುಷ್ಯನಿಗೂ ಸಿಗದ ವಸ್ತು ಒಂದಿದೆ. ಅವನ ಎದೆಯೊಳಗೆ ಒಂದು ತಂಪು ಗಾಳಿ ಬೀಸಿತು. ಆ ಗಾಳಿಗೆ ನಾಲಿಗೆ ತಾನಾಗಿ ಹಗುರವಾಯಿತು.

"ಎಲ್ಲೂ ಹುಡುಕೋದು ಬೇಡ," ಎಂದ. "ಆ ಹುಡುಗ ನಾನೇ."

ಚನ್ನವೀರಯ್ಯನವರಿಗೆ ಕುಡಿಯುತ್ತಿದ್ದ ಮಜ್ಜಿಗೆ ನೆತ್ತಿಗೆ ಹತ್ತಿ, ನಂದಿತಾ ಓಡಿಬಂದು ತಲೆ ತಟ್ಟಬೇಕಾಯಿತು. ಅವರು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು ಹಿರಿಯ ಅಳಿಯನನ್ನೇ ದಿಟ್ಟಿಸಿದರು. ಏನೋ ಹೇಳಲು ಬಾಯಿ ತೆರೆದರು. ಬಳಿಕ ಹಿರಿಯ ಮಗಳ ಕಡೆ ನೋಡಿ, ಮುಚ್ಚಿಕೊಂಡರು.

"ನೀವಾ ಭಾವ?" ಎಂದಳು ನಂದಿತಾ. "ಇಷ್ಟು ದಿನ ಹೇಳ್ಲೇ ಇಲ್ವಲ್ಲ."

"ಹೇಳ್ಕೊಂಡು ತಿರುಗೋ ಸ್ವಭಾವ ನಂದಲ್ಲ," ಎಂದ ಸದಾಶಿವಯ್ಯ.

ತುಮಕೂರಿಗೆ ಹಿಂತಿರುಗುವ ಬಸ್ಸಿನಲ್ಲಿ ಕರಿಬಸಮ್ಮ ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅವಳು ಕಡಿಮೆ ಮಾತಿನವಳು. ತಮ್ಮ ಅತ್ತೆಯ ಹೆಸರನ್ನು ಮೊದಲ ಮಗಳಿಗಿಟ್ಟ ಚನ್ನವೀರಯ್ಯನವರು ಆ ಅತ್ತೆಯ ಮೌನವನ್ನೂ ಜೊತೆಗೆ ಕಟ್ಟಿ ಕೊಟ್ಟಿದ್ದರು.

"ರೀ, ಆವಾಗ ನೀವು ಗುಬ್ಬಿಗೆ ಬಂದಿದ್ರಾ?" ಎಂದು ಕೇಳಿದಳು.

"ಬರ್ದೆ ಮತ್ತೆ? ಗುಬ್ಬಿ ಏನು ವಿಲಾಯ್ತಿಲಿದೆಯಾ?"

"ತಲೆ ಯಾಕೆ ಬೋಳಿಸಿದ್ರು?"

"ಮನೆದೇವ್ರಿಗೆ ಮುಡಿ ಕೊಟ್ಟಿದ್ರು."

"ಸೀಬೆ ಹಣ್ಣಾಗಿತ್ತಾ, ದೋರೆಯಾ?"

ಸದಾಶಿವಯ್ಯ ಒಂದು ಕ್ಷಣ ಯೋಚಿಸಿದ. "ಹಣ್ಣು. ಸಕ್ಕರೆ ಇದ್ದಂಗಿತ್ತು."

"ಹೌದಾ. ನಾಲಿಗೆ ಯಾಕೆ ತೋರ್ಸಿದ್ರಿ?"

"ಡೈರೆಕ್ಟ್ರು ಹೇಳಿದ್ರು. ಆ್ಯಕ್ಟಿಂಗ್ ಕಣೇ ಅದು, ನಿನಗೆ ಗೊತ್ತಾಗಲ್ಲ."

"ಓ," ಎಂದಳು ಕರಿಬಸಮ್ಮ.

ಮಾತು ಅಲ್ಲಿಗೇ ನಿಂತಿದ್ದರೆ ಸದಾಶಿವಯ್ಯ ಸುಖವಾಗಿ ಗ್ಯಾಸ್ಕೆಟ್ ಎಣಿಸಿಕೊಂಡು ಇರುತ್ತಿದ್ದ. ಆದರೆ ಮಲ್ಲಿಕಾರ್ಜುನನಿಗೆ ಆ ದಿನದಿಂದ ಊಟ ಸೇರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೂ ಹೊಟ್ಟೆ ಉರಿಯಿತು. ಅಭ್ಯಾಸವಿಲ್ಲದ್ದರಿಂದ ಅದನ್ನು ಅಜೀರ್ಣವೆಂದು ತಿಳಿದು ಓಮಿನ ನೀರು ಕುಡಿದ. ಕಡಿಮೆಯಾಗದಾಗ, ಅಣ್ಣ ಹೇಳಿದ್ದು ಸುಳ್ಳೇ ಇರಬೇಕು, ಕ್ಲಬ್ಬಿನವರೇ ಅವನನ್ನು ಹಿಡಿದು ಹಾಕಲಿ ಎಂದುಕೊಂಡು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಟ್ಟ: 'ನಾಲಿಗೆ ಹುಡುಗ ಸಿಕ್ಕಿದ್ದಾರೆ. ನಮ್ಮ ಅಣ್ಣನವರೇ. ನೀವೇ ವಿಚಾರಿಸಿ.'

ಕ್ಲಬ್ಬಿನವರು ವಿಚಾರಿಸುವ ಗೋಜಿಗೆ ಹೋಗಲಿಲ್ಲ, ನೇರವಾಗಿ ಸಂತೋಷಪಟ್ಟರು. ಕಾರ್ಯದರ್ಶಿ ಬಸವಪ್ರಭು ಮಾರನೇ ದಿನವೇ ಫೋನ್ ಮಾಡಿದ. "ಸರ್, ನಿಮ್ಮನ್ನ ನೋಡಿನೇ ನನಗೆ ರೈಲಿನ ಮೇಲೆ ಪ್ರೀತಿ ಬಂದಿದ್ದು. ಗಜಗೌರಿನ ಗುಬ್ಬಿಯಲ್ಲೇ ಬಿಡುಗಡೆ ಮಾಡ್ತೀವಿ. ಮೊದಲ್ನೇದು ನಿಮ್ಮ ಕೈಗೆ."

ಈ ಮಾತನ್ನು ಸದಾಶಿವಯ್ಯ ಕಾಂಪೌಂಡಿನ ಹತ್ತಿರ ನಿಂತು ಕೇಳಿಸಿಕೊಂಡದ್ದು, ಅದೂ ಸ್ಪೀಕರ್ ಹಾಕಿಕೊಂಡು, ಅವನ ಎರಡನೇ ತಪ್ಪು. ಆ ಕಡೆ ಅಕ್ರಂ ಪಾಷಾ ಗಿಡಕ್ಕೆ ನೀರು ಹಾಕುತ್ತಿದ್ದ. ಅಕ್ರಂ ಪಾಷಾನದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಅಂಥವರ ಕಿವಿಗೆ ಬಿದ್ದ ಸುದ್ದಿ ಬಾಯಿಂದ ಬಾಯಿಗೆ ಹೋಗುವುದಿಲ್ಲ. ಹತ್ತಡಿ ಉದ್ದ, ಎಂಟಡಿ ಅಗಲವಾಗಿ ಬೀದಿಯ ಮೂಲೆಯಲ್ಲಿ ಎದ್ದು ನಿಲ್ಲುತ್ತದೆ.

'ನಾಲಿಗೆ ಹುಡುಗ ಖ್ಯಾತಿಯ ಶ್ರೀ ಸದಾಶಿವಯ್ಯನವರಿಗೆ ಬಡಾವಣೆಯ ನಾಗರಿಕರಿಂದ ಹಾರ್ದಿಕ ಅಭಿನಂದನೆಗಳು.' ನಡುವೆ ಸದಾಶಿವಯ್ಯನ ಆಧಾರ್ ಕಾರ್ಡಿನಂಥ ಮುಖ. ಅದಕ್ಕೆ ಕಂಪ್ಯೂಟರಿನಲ್ಲಿ ಜೋಡಿಸಿದ ಗುಲಾಬಿ ಬಣ್ಣದ ನಾಲಿಗೆ.

"ಏನ್ ಭಾಯ್ ಇದು," ಎಂದ ಸದಾಶಿವಯ್ಯ.

"ನಮ್ಮ ಖುಷಿಗೆ ಹಾಕಿದೀವಣ್ಣ, ನೀವು ಮಾತಾಡ್ಬೇಡಿ," ಎಂದ ಅಕ್ರಂ ಪಾಷಾ. "ನಾಲಿಗೆ ಸ್ವಲ್ಪ ಉದ್ದ ಆಯ್ತು ಅಂತ ಮುನವ್ವರಾ ಹೇಳಿದ್ಲು. ಫ್ಯಾಮಸ್ ನಾಲಿಗೆ, ಇರ್ಲಿ ಬಿಡು ಅಂದೆ."

ಮುನವ್ವರಾ ಅಕ್ರಂ ಪಾಷಾನ ಹೆಂಡತಿ. ಅವಳು ಮರುದಿನ ಬೆಳಿಗ್ಗೆ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಮುದುಕಿ ಸದಾಶಿವಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇನಾ? ಆ ಹೆಣ್ಮಗಳು ಸಂಸಾರ ಬಿಟ್ಟು ಹೊಂಟಿದ್ಲು. ಆ ಮಾಸ್ಟ್ರು ಅಳ್ತಿದ್ರು. ನಾನು ಎರಡು ದಿನ ಊಟ ಮಾಡಿಲ್ಲ. ನಿನಗೆ ನಾಲಿಗೆ ತೋರ್ಸೋಕೆ ಅದೇ ಟೈಮ್ ಸಿಕ್ತಾ?"

"ಚಿಕ್ಕವನಿದ್ದೆ ಅಮ್ಮಾ. ತಪ್ಪಾಯ್ತು," ಎಂದ ಸದಾಶಿವಯ್ಯ. ಮಾಡದ ತಪ್ಪಿಗೆ ಕ್ಷಮೆ ಕೇಳುವುದು ಅವನಿಗೆ ಹೊಸತಾಗಿತ್ತು. ಮುಂದೆ ಅದೇ ರೂಢಿಯಾಯಿತು. ತಾಯಂದಿರೆಲ್ಲ ಸರದಿಯ ಮೇಲೆ ಬಂದು ಬೈದುಹೋದರು. ಅನುಮತಿಯಿಲ್ಲದ ಫ್ಲೆಕ್ಸ್ ಕಿತ್ತುಹಾಕಲು ಬಂದ ಪಾಲಿಕೆಯ ಅಧಿಕಾರಿ ಫ್ಲೆಕ್ಸ್ ಓದಿ ಏಣಿ ಇಳಿದ. ಕೀಳುವುದನ್ನು ಬಿಟ್ಟು ಅದರ ಕೆಳಗೆ ನಿಂತು, ಸದಾಶಿವಯ್ಯನ ಹೆಗಲ ಮೇಲೆ ಕೈ ಹಾಕಿ, ನಾಲಿಗೆ ಚಾಚಿ ಸೆಲ್ಫಿ ತೆಗೆಸಿಕೊಂಡ. ನಂತರ ಕಿತ್ತುಕೊಂಡು ಹೋದ. ಮನೆಯಲ್ಲಿ ಹಾಕಿಕೊಳ್ಳುತ್ತಾನಂತೆ.

ಸತ್ಯಮಂಗಲದ ಒಂದು ಖಾಸಗಿ ಶಾಲೆಯ ಹೆಡ್ ಮೇಡಮ್ ಸುಶ್ಮಿತಾ ಅವನನ್ನು ಮಕ್ಕಳ ಕಾರ್ಯಕ್ರಮಕ್ಕೆ ಅತಿಥಿಯಾಗಿ ಕರೆದಳು. ಸದಾಶಿವಯ್ಯ ಶಿಸ್ತಿನ ಬಗ್ಗೆ ಬಹಳ ಹೊತ್ತು ಮಾತಾಡಿದ, ಮಕ್ಕಳು ಆಕಳಿಸಿದರು. ಕೊನೆಗೆ ಮೇಡಮ್ ಕೇಳಿಕೊಂಡದ್ದಕ್ಕೆ ಒಮ್ಮೆ ನಾಲಿಗೆ ತೋರಿಸಿದ, ಚಪ್ಪಾಳೆಯೋ ಚಪ್ಪಾಳೆ. ಮರುವಾರ ಶಾಲೆಗೆ ತಪಾಸಣೆಗೆ ಬಂದ ಶಿಕ್ಷಣಾಧಿಕಾರಿಗೆ ಇಡೀ ಎರಡನೇ ತರಗತಿ ಎದ್ದುನಿಂತು ನಾಲಿಗೆಯಿಂದಲೇ ನಮಸ್ಕಾರ ಮಾಡಿತಂತೆ. ಸುಶ್ಮಿತಾ ಮೇಡಮ್ ಮತ್ತೆ ಫೋನ್ ಮಾಡಲಿಲ್ಲ.

ಇಷ್ಟೆಲ್ಲ ತೊಂದರೆಯ ನಡುವೆಯೂ ಸದಾಶಿವಯ್ಯ ಬದುಕಿನಲ್ಲೇ ಅತಿ ಸುಖವಾಗಿದ್ದ. ಕಾರಣ ಒಂದೇ: ಕುಣಿಗಲ್‌ನಿಂದ ದಿನವೂ ಫೋನ್ ಬರುತ್ತಿತ್ತು.

"ಅಣ್ಣಾ, ನಿಮಗೆ ರೈಲು ಗಿಯ್ಲು ಇಷ್ಟ ಇಲ್ವಲ್ಲ," ಎನ್ನುತ್ತಿದ್ದ ಮಲ್ಲಿಕಾರ್ಜುನ ಬತ್ತಿದ ದನಿಯಲ್ಲಿ. "ಆ ಗಜಗೌರಿ ನಿಮ್ಮನೆಲಿ ಎಲ್ಲಿಡ್ತೀರಿ? ಧೂಳು ಹಿಡಿಯುತ್ತೆ. ನನಗೇ ಕೊಟ್ಬುಡಿ."

"ಕೊಡಬೋದಿತ್ತು ಕಣಪ್ಪ," ಎನ್ನುತ್ತಿದ್ದ ಸದಾಶಿವಯ್ಯ. "ಆದ್ರೆ ಅದ್ರಲ್ಲಿ ನಾನೇ ಕೂತಿದೀನಲ್ಲ. ನನ್ನನ್ನ ನಾನೇ ಹೆಂಗೆ ಕೊಡ್ಲಿ?" ಫೋನ್ ಇಟ್ಟ ಮೇಲೆ ಅವನಿಗೆ ಅನ್ನ ಇನ್ನೊಂದು ಹಿಡಿ ಹೆಚ್ಚು ಸೇರುತ್ತಿತ್ತು. ಬಡಿಸುವ ಕರಿಬಸಮ್ಮ ಅವನ ಮುಖ ನೋಡುತ್ತಿದ್ದಳು. ಒಂದು ದಿನ, "ಗುಬ್ಬಿಗೆ ಹೋಗ್ಲೇಬೇಕೇನ್ರೀ? ಮೈಗೆ ಹುಷಾರಿಲ್ಲ ಅಂದ್ಬುಡಿ," ಎಂದಳು. ಹೆಂಡತಿಗೂ ಹೊಟ್ಟೆಕಿಚ್ಚು ಶುರುವಾಯಿತಲ್ಲ ಎಂದು ಅವನು ಮರುಗಿದ.

ಬಿಡುಗಡೆ ಗುಬ್ಬಿಯ ಒಂದು ಕಲ್ಯಾಣ ಮಂಟಪದಲ್ಲಿ. ಬೆಂಗಳೂರಿನಿಂದ ಕ್ಲಬ್ಬಿನವರು ಬಂದಿದ್ದರು, ಊರಿನವರು ಬಂದಿದ್ದರು, ಅಕ್ರಂ ಪಾಷಾ ಎರಡು ಹೊಸ ಫ್ಲೆಕ್ಸ್‌ಗಳೊಂದಿಗೆ ಬಂದಿದ್ದ. ಮುಂದಿನ ಸಾಲಿನಲ್ಲಿ ಚನ್ನವೀರಯ್ಯನವರು ಜಾತಕ ಕೂಡಿಬರದ ಮದುವೆಗೆ ಬಂದವರಂತೆ ಕೂತಿದ್ದರು. ಅವರ ಪಕ್ಕ ಕರಿಬಸಮ್ಮ, ನಂದಿತಾ, ಕಣ್ಣಗುಡ್ಡೆ ಒಳಗೆ ಹೋಗಿದ್ದ ಮಲ್ಲಿಕಾರ್ಜುನ. ವೇದಿಕೆಯ ಮೇಜಿನ ಮೇಲೆ ಕೆಂಪು ವೆಲ್ವೆಟ್ ಹೊದ್ದು ಗಜಗೌರಿ. ಸದಾಶಿವಯ್ಯನಿಗೆ ಮೈಸೂರು ಪೇಟ, ಏಲಕ್ಕಿ ಹಾರ. ಪೇಟ ಕಣ್ಣಿಗೆ ಜಾರುತ್ತಿತ್ತು. ಆದರೂ ಅದರ ಸಂದಿಯಿಂದ ಅವನು ಷಡ್ಡಕನ ಮುಖವನ್ನೇ ನೋಡಿ ಆನಂದಿಸುತ್ತಿದ್ದ.

ಬಸವಪ್ರಭು ಮೈಕ್ ಹಿಡಿದ. "ಬಂಧುಗಳೇ, ಸದಾಶಿವಯ್ಯ ಸರ್‌ಗೂ ಹೇಳದೆ ಒಂದು ಸರ್‌ಪ್ರೈಸ್ ಇಟ್ಟಿದೀವಿ. ಇದೇ ಊರಿನ ದೊಡ್ಡರಂಗಯ್ಯನವರು ಹಿಂದೆ ವಿಡಿಯೋ ಲೈಬ್ರರಿ ನಡೆಸ್ತಿದ್ರು. ಸೀರಿಯಲ್‌ನಲ್ಲಿ ತಮ್ಮ ಅಂಗಡಿ ಬೋರ್ಡು ಕಾಣುತ್ತೆ ಅಂತ ಕೊನೆಯ ಕಂತನ್ನ ಅವತ್ತೇ ಟೇಪ್ ಮಾಡ್ಕೊಂಡಿದ್ರಂತೆ. ಆ ಟೇಪು ಅವ್ರ ಅಟ್ಟದಲ್ಲಿ ಸಿಕ್ಕಿದೆ. ಎಲ್ಲರೂ ನೋಡೋಣ."

ಸಭೆ ಹೋ ಎಂದಿತು. ಸದಾಶಿವಯ್ಯನ ಕಿವಿಗೆ ಮಾತ್ರ ಆ 'ಹೋ' ಬಾವಿಯೊಳಗಿಂದ ಕೇಳಿದಂತಾಯಿತು. ಹೆದರಬೇಡ, ಬೋಳು ತಲೆ, ಚಿಕ್ಕ ವಯಸ್ಸು, ಯಾರಿಗೆ ಗುರುತು ಹತ್ತುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಧೈರ್ಯ ಅರ್ಧ ಬಂದಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಚನ್ನವೀರಯ್ಯನವರು ಎದ್ದು ನಿಂತು ಕೋಲು ನೆಲಕ್ಕೆ ಕುಟ್ಟಿದರು.

"ಟೇಪು ಗೀಪು ಏನೂ ಬೇಡ. ನಿಲ್ಸಿ ಅದನ್ನ."

"ಯಾಕೆ ಮಾವ?" ಎಂದ ಮಲ್ಲಿಕಾರ್ಜುನ. ಅವನ ಒಳಗೆ ಹೋಗಿದ್ದ ಕಣ್ಣಗುಡ್ಡೆಗಳು ಫಕ್ಕನೆ ಹೊರಗೆ ಬಂದವು. "ಅಣ್ಣನ ಮರ್ಯಾದೆ ಕಾಪಾಡೋಕಾ? ಹಾಕಿ ಸಾರ್, ಹಾಕಿ. ನೋಡೇಬಿಡೋಣ."

ದೀಪ ಆರಿತು. ಪರದೆಯ ಮೇಲೆ ಗೆರೆ ಗೆರೆ ಓಡಿ, ಗುಬ್ಬಿ ಸ್ಟೇಷನ್ ಮೂಡಿತು. ಮಾಸ್ತರರು ಅತ್ತರು. ಮಂಟಪದ ಹೆಂಗಸರೂ ಮುನ್ನಿನಂತೆಯೇ ಅತ್ತರು. ಬಾವುಟ ನಡುಗಿತು, ಗಜಗೌರಿ ಕೂಗಿತು, ಬೋಗಿ ಅಲುಗಿತು. ಕಿಟಕಿಯಲ್ಲಿ ಬೋಳು ತಲೆ ಕಂಡಿತು. ನಾಲಿಗೆ ಚಾಚಿತು. ಸಭೆ ಚಪ್ಪಾಳೆ ತಟ್ಟಿತು. ಸದಾಶಿವಯ್ಯ ಉಸಿರು ಬಿಡುವುದರಲ್ಲಿದ್ದ.

ಎಲ್ಲರ ನೆನಪೂ ಅಲ್ಲಿಗೇ ಮುಗಿದಿತ್ತು. ಟೇಪು ಮುಗಿದಿರಲಿಲ್ಲ. ಗಾಡಿ ಮುಂದೆ ಸಾಗುತ್ತಿದ್ದಂತೆ ಆ ಮಗು ಇನ್ನಷ್ಟು ಚೆನ್ನಾಗಿ ಅಣಕಿಸಬೇಕೆಂದು ಸೀಟಿನ ಮೇಲೆ ಹತ್ತಿ ನಿಂತಿತು. ಕಿಟಕಿಯ ತುಂಬ ಜರಿ ಅಂಚಿನ ಲಂಗ ಕಂಡಿತು. ಮುಖ ಪಕ್ಕಕ್ಕೆ ತಿರುಗಿದಾಗ ಕಿವಿಯಲ್ಲಿ ಓಲೆ ಹೊಳೆಯಿತು.

ಮಂಟಪದವರೆಲ್ಲ ಪರದೆ ಬಿಟ್ಟು ವೇದಿಕೆಯ ಕಡೆ ತಿರುಗಿದರು.

"ಸದಾಶಿವಣ್ಣ," ಎಂದ ಅಕ್ರಂ ಪಾಷಾ ಹಿಂದಿನಿಂದ, ನಿಜವಾದ ಕಾಳಜಿಯಿಂದ, "ನಿಮಗೆ ಚಿಕ್ಕಂದ್ರಲ್ಲಿ ಲಂಗ ಹಾಕ್ತಿದ್ರಾ?"

ಸದಾಶಿವಯ್ಯ ಪೇಟವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಅದರೊಳಗೆ ಪೂರ್ತಿ ಇಳಿದುಹೋಗುವ ಸೌಲಭ್ಯವಿದ್ದಿದ್ದರೆ ಇಳಿದುಹೋಗುತ್ತಿದ್ದ. ಆಗ ನಂದಿತಾ ಪರದೆಯನ್ನೂ ಪಕ್ಕದಲ್ಲಿದ್ದವಳನ್ನೂ ತಿರುತಿರುಗಿ ನೋಡಿ, "ಅಕ್ಕಾ," ಎಂದಳು, "ಆ ಲಂಗ ಆಮೇಲೆ ನನಗೆ ಕೊಟ್ರಲ್ಲ, ಅದೇ ಅಲ್ವಾ?"

ಕರಿಬಸಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಎಲ್ಲರಿಗಿಂತ ಮೊದಲು ಅವಳು ನೋಡಿದ್ದು ಅಪ್ಪನನ್ನು.

"ಇನ್ನ ಹೇಳ್ಲಾ ಅಪ್ಪಾಜಿ?"

ಚನ್ನವೀರಯ್ಯನವರು ಕೋಲಿನ ಮೇಲೆ ಗದ್ದ ಊರಿ ಕೂತುಬಿಟ್ಟರು. "ಹೇಳಮ್ಮ. ಇನ್ನೇನು ಉಳೀತು. ಮೇಷ್ಟ್ರ ಮಗಳು ರಾಜ್ಯಕ್ಕೆಲ್ಲ ನಾಲಿಗೆ ತೋರಿಸಿದ್ಲು ಅಂದ್ರೆ ಗಂಡು ಸಿಗಲ್ಲ ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ಸಿಕ್ಕಿರೋ ಗಂಡು ನೋಡಿದ್ರೆ, ಹೇಳಿದ್ರೂ ಇದಕ್ಕಿಂತ ನಷ್ಟ ಆಗ್ತಿರ್ಲಿಲ್ಲ ಅನ್ಸುತ್ತೆ."

ಕರಿಬಸಮ್ಮ ಮೈಕ್ ಇಲ್ಲದೆಯೇ ಹೇಳಿದಳು. ಮುಡಿ ಕೊಟ್ಟು ಬಂದಿದ್ದಳು. ಕೇರಿಯ ಹುಡುಗರು 'ಬೋಡಿ ಬೋಡಿ' ಎಂದು ಸ್ಟೇಷನ್ನಿನವರೆಗೂ ಹಿಂದೆ ಬಂದಿದ್ದರು. ಗಾಡಿ ಹೊರಟ ಮೇಲೆ ಇನ್ನು ಕೈಗೆ ಸಿಗುವುದಿಲ್ಲವೆಂಬ ಧೈರ್ಯದಲ್ಲಿ ಅವರಿಗೆ ತೋರಿಸಿದ ನಾಲಿಗೆ ಅದು. "ಕ್ಯಾಮೆರಾ ಇರೋದು ನನಗೆ ಗೊತ್ತೇ ಇರ್ಲಿಲ್ಲ. ಡೈರೆಕ್ಟ್ರು ಯಾರೂ ಹೇಳಿರ್ಲಿಲ್ಲ," ಎಂದಳು. ಸ್ವಲ್ಪ ತಡೆದು, ವೇದಿಕೆಯ ಕಡೆ ನೋಡಿ, "ಸೀಬೆನೂ ಹಣ್ಣಾಗಿರ್ಲಿಲ್ಲ. ಹಲ್ಲು ಊರೋಕೆ ಆಗ್ದಷ್ಟು ಕಾಯಿ," ಎಂದಳು.

"ಅದನ್ನ ಮುಂಚೆನೇ ಹೇಳೋದಲ್ವೇನೇ," ಎಂಬ ಕ್ಷೀಣ ದನಿ ಪೇಟದೊಳಗಿಂದ ಬಂತು.

"ನೀವು ಅಷ್ಟು ಖುಷಿಯಾಗಿದ್ರಿ. ನಿಮ್ಮನೆಗೆ ಬಂದಾಗಿಂದ ನಿಮ್ಮನ್ನ ಹಂಗೆ ನೋಡಿರ್ಲಿಲ್ಲ. ಅದಕ್ಕೇ ಸುಮ್ನಿದ್ದೆ," ಎಂದಳು ಕರಿಬಸಮ್ಮ.

ಇದನ್ನು ಕೇಳಿ ನಗಬೇಕೆಂದು ಬಾಯಿ ತೆರೆದಿದ್ದವರು ಕೆಲವರು ಮುಚ್ಚಿಕೊಂಡರು. ಬಸವಪ್ರಭು ಮಾತ್ರ ಕಣ್ಣೊರೆಸಿಕೊಂಡು, ಸದಾಶಿವಯ್ಯನ ತಲೆಯಿಂದ ಪೇಟವನ್ನು ಮೆಲ್ಲಗೆ ಎತ್ತಿ, ವೇದಿಕೆ ಹತ್ತಿದ ಕರಿಬಸಮ್ಮನ ತಲೆಗಿಟ್ಟ. ಅವಳಿಗೆ ಅದು ಸರಿಯಾಗಿ ಕೂತಿತು. ಮೊದಲ ಗಜಗೌರಿಯೂ ಅವಳ ಕೈಗೇ ಬಂತು. ಒಮ್ಮೆ ತೋರಿಸಿ ಅಮ್ಮಾ ಎಂದು ಸಭೆಯೆಲ್ಲ ಕೇಳಿಕೊಂಡಿತು. ಕರಿಬಸಮ್ಮ ನಾಚಿದಳು, ಬೇಡವೆಂದಳು, ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಗಂಡನ ಕಡೆ ತಿರುಗಿ, ನಲವತ್ತಾರರ ವಯಸ್ಸಿನಲ್ಲಿ, ಎಂಟರ ನಾಲಿಗೆಯನ್ನು ಉದ್ದಕ್ಕೆ ಚಾಚಿದಳು. ಮುನವ್ವರಾಳ ತಾಯಿಯೂ ನಕ್ಕಳಂತೆ.

ಆಮೇಲಿನ ದಿನಗಳು ಸದಾಶಿವಯ್ಯನ ಪಾಲಿಗೆ ಕಠಿಣವಾದವು. ಫೋನು ಬಂದರೆ "ಅಮ್ಮ ಇದಾರಾ?" ಎನ್ನುತ್ತಿದ್ದರು. ಪತ್ರಿಕೆಯವನೊಬ್ಬ ಬಂದು ಕರಿಬಸಮ್ಮನನ್ನೂ ಗಜಗೌರಿಯನ್ನೂ ಒಟ್ಟಿಗೆ ನಿಲ್ಲಿಸಿ, "ಸಾರ್, ಸ್ವಲ್ಪ ಆ ಕಡೆ, ನೆರಳು ಬೀಳ್ತಾ ಇದೆ," ಎಂದು ಅವನನ್ನು ಅಡುಗೆಮನೆಯವರೆಗೂ ಸರಿಸಿದ. ಅಕ್ರಂ ಪಾಷಾ ಹೊಸ ಫ್ಲೆಕ್ಸ್ ಕಟ್ಟಿಸಿದ. ಅದರ ತುಂಬ ಕರಿಬಸಮ್ಮ. ಕೆಳಗೆ 'ಶುಭ ಕೋರುವವರು' ಎಂಬ ಸಾಲಿನ ಬಿಲ್ಲೆಯಂಥ ಪುಟ್ಟ ಫೋಟೋಗಳಲ್ಲಿ, ಟೈಲರ್ ಶಿವರಾಜ್‌ಗೂ ಗೊಬ್ಬರದಂಗಡಿ ಚಂದ್ರುವಿಗೂ ನಡುವೆ ಸದಾಶಿವಯ್ಯ. ಕಾರ್ಖಾನೆಯಲ್ಲಿ ಯಾರೂ ಸುಳ್ಳುಗಾರ ಎನ್ನಲಿಲ್ಲ. 'ಕರಿಬಸಮ್ಮನ ಯಜಮಾನ್ರು' ಎಂದರು. ಅದು ಇನ್ನೂ ಚುಚ್ಚಿತು. ಷಡ್ಡಕನ ಮೇಲೆ ಹೊಟ್ಟೆ ಉರಿಸಿಕೊಂಡರೆ ಅವನು ಕುಣಿಗಲ್‌ನಲ್ಲಿರುತ್ತಾನೆ. ಹೆಂಡತಿಯ ಮೇಲೆ ಉರಿಸಿಕೊಂಡರೆ ಅವಳೇ ಬಡಿಸಿದ್ದನ್ನು ಉಣ್ಣಬೇಕು.

ಹೀಗಿರುವಾಗ ಒಂದು ಸಂಜೆ ಮಲ್ಲಿಕಾರ್ಜುನನ ಫೋನ್ ಬಂತು. ದನಿಯಲ್ಲಿ ಹಳೆಯ ಚೈತನ್ಯ ಮರಳಿತ್ತು.

"ಅಣ್ಣಾ, ಭಾನುವಾರ ಅತ್ತಿಗೆನ ಕರ್ಕೊಂಡು ಬನ್ನಿ. ಗಾಡಿಲಿ ನಂದಿತಾನೂ ಸಿಕ್ಕವ್ಳೆ."

ಹೋದರು. ರೈಲಿನ ರೂಮಿನಲ್ಲಿ ಇಂಜಿನ್ನುಗಳೆಲ್ಲ ಮೂಲೆಗೆ ಸರಿದು, ನಡುವೆ ಒಂದು ದೊಡ್ಡ ಟೀವಿ ಕೂತಿತ್ತು. ಮಲ್ಲಿಕಾರ್ಜುನ ಟೇಪಿನ ಪ್ರತಿಯನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದ. ಲಂಗದ ಪಕ್ಕ ಕಿಟಕಿಯ ಕೆಳಮೂಲೆಯಲ್ಲಿದ್ದ ಒಂದು ಮಬ್ಬು ಕಲೆಯ ಮೇಲೆ ಬೆರಳಿಟ್ಟ.

"ನಂದಿತಾ ಆವಾಗ ಕೈಗೂಸು. ಅತ್ತಿಗೆ ಪಕ್ಕದಲ್ಲೇ ಮಲಗಿಸಿದ್ರಂತೆ. ಇದು ಅವಳ ಮೊಣಕೈ. ಕ್ಲಬ್ಬಿಗೆ ಬರೀತಿದೀನಿ, ಮಾದರಿಲಿ ಮೊಣಕೈನೂ ಸೇರಿಸಿ ಅಂತ."

ಸದಾಶಿವಯ್ಯ ಕನ್ನಡಕ ಹಾಕಿಕೊಂಡು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಎಷ್ಟೋ ದಿನಗಳ ಮೇಲೆ ಅವನ ಹೊಟ್ಟೆಯಲ್ಲಿ ಪರಿಚಿತವಾದ ಬೆಚ್ಚನೆಯ ಉರಿ ಎದ್ದಿತು.

"ಇದು ಹೂಜಿ," ಎಂದ.

"ಮೊಣಕೈ ಅಣ್ಣ."

"ನೀರಿನ ಹೂಜಿ ಕಣಯ್ಯ. ಕತ್ತು ಕಾಣಲ್ವಾ?"

"ಹೂಜಿಗೆ ಬೆರಳಿರ್ತದಾ?"

ನ್ಯಾಯಕ್ಕೆ ಕರಿಬಸಮ್ಮನನ್ನು ಕರೆದರು. ಅವಳು ಒಳಗಿನಿಂದ ಬಂದು ನೋಡಿದಳು. "ನಂದಿತಾನೂ ಇದ್ಲು, ಹೂಜಿನೂ ಇತ್ತು," ಎಂದಳು. ತಂಗಿಯನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ಗಾಳಿಗೆ ಹೋಗಿಬರುತ್ತೇವೆಂದು ಹೊರಟೇಬಿಟ್ಟಳು.

ಷಡ್ಡಕರಿಬ್ಬರೇ ಉಳಿದರು. ಮೊಣಕೈ ಎಂದ ಒಬ್ಬ, ಹೂಜಿ ಎಂದ ಇನ್ನೊಬ್ಬ. ಹೊರಗೆ ಹೊತ್ತು ಇಳಿಯಿತು, ಕಾಫಿ ಆರಿತು. ಬಹಳ ಹೊತ್ತಿನ ಮೇಲೆ ಸದಾಶಿವಯ್ಯ ಮಾತು ನಿಲ್ಲಿಸಿ, ಚಿತ್ರದ ಇನ್ನೊಂದು ಮೂಲೆಯನ್ನು ದಿಟ್ಟಿಸಿದ. ಪ್ಲಾಟ್‌ಫಾರಮ್ಮಿನ ಮೇಲೆ, ದೀಪದ ಕಂಬದ ಹಿಂದೆ, ಜನರ ಗುಂಪಿನಲ್ಲಿ ಚಡ್ಡಿ ಹಾಕಿದ ಒಂದು ಮಸುಕು ಆಕೃತಿ ಬಾಯಿ ತೆರೆದುಕೊಂಡು ನಿಂತಿತ್ತು.

"ಮಲ್ಲಿಕಾರ್ಜುನ," ಎಂದ ಅವನು, ಈವರೆಗೆ ಷಡ್ಡಕನೊಡನೆ ಒಮ್ಮೆಯೂ ಬಳಸದಿದ್ದ ಮೃದುವಾದ ದನಿಯಲ್ಲಿ. "ಮೊಣಕೈ ಅಂತ ನಾನು ಒಪ್ಕೋಬೋದು. ಆದ್ರೆ ಈ ಕಂಬದ ಹಿಂದೆ ನಿಂತವ್ನಲ್ಲ, ಇವನನ್ನ ಸ್ವಲ್ಪ ನೋಡು."

ಮಲ್ಲಿಕಾರ್ಜುನ ನೋಡಿದ. ಚಿತ್ರವನ್ನು ದೊಡ್ಡದು ಮಾಡಿ ನೋಡಿದ; ಆಕೃತಿ ಇನ್ನಷ್ಟು ಮಸುಕಾಯಿತು. ಷಡ್ಡಕನ ಮುಖ ನೋಡಿದ, ಮೊಣಕೈ ನೋಡಿದ, ನಿಧಾನವಾಗಿ ತಲೆಯಾಡಿಸಿದ.

"ಹೌದಲ್ಲ ಅಣ್ಣ," ಎಂದ. "ಮೂಗು ನಿಮ್ದೇ ಇದ್ದಂಗಿದೆ."